ಕುಣಿಗಲ್ ಕೆರೆಯೊಳಗೆ ಗುಬ್ಬಿ ವಿಳಾಸ

ತುಮಕೂರಿನವರಿಗೂ ದೋಣಿಗೂ ಏನು ಸಂಬಂಧ ಎಂದು ಕೇಳುವವರು ನಮ್ಮ ಬಿ.ಎಚ್. ರಸ್ತೆಯ ಪೂರ್ತಿ ಹೆಸರನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಬೆಂಗಳೂರು–ಹೊನ್ನಾವರ ರಸ್ತೆ. ಬೆಳಿಗ್ಗೆ ಹಾಲು ತರಲು, ಸಂಜೆ ಸಿಗ್ನಲ್ಲಿನಲ್ಲಿ ನಿಂತು ಹೊಗೆ ಕುಡಿಯಲು ನಾವು ಬಳಸುವ ಈ ರಸ್ತೆಯಲ್ಲೇ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ಎಂದು ಮುಂದೆ ಹೋಗುತ್ತಲೇ ಇದ್ದರೆ ಕೊನೆಗೆ ಶರಾವತಿ ಸಮುದ್ರ ಸೇರುವ ಊರು ಸಿಗುತ್ತದೆ. ಅಲ್ಲಿ ನನ್ನ ಭಾಮೈದ ಇದ್ದಾನೆ.

ಭಾಮೈದ ಇರುವುದು ತಪ್ಪಲ್ಲ. ಅವನು ಬ್ಯಾಂಕಿನ ಕೆಲಸ ಬಿಟ್ಟು, ಇಬ್ಬರು ಗೆಳೆಯರ ಜೊತೆ ಸೇರಿ ಹಳೇ ಬೋಟೊಂದನ್ನು ಕೊಂಡು, ಪ್ರವಾಸಿಗರನ್ನು ಶರಾವತಿಯಲ್ಲಿ ಸುತ್ತಾಡಿಸುವ ವ್ಯಾಪಾರಕ್ಕೆ ಇಳಿದದ್ದೂ ತಪ್ಪಲ್ಲ. ಆದರೆ ಒಂದು ಭಾನುವಾರ ಫೋನು ಮಾಡಿ, "ಭಾವ, ಬೋಟಿಗೊಂದು ಟ್ಯಾಬ್ ಬೇಕು, ದಾರಿ ನೋಡೋಕೆ. 15,000 ರೂಪಾಯಿ ಒಳಗೆ ಯಾವುದಾದರೂ ನೋಡಿ. ನಿಮಗೆ ಇದೆಲ್ಲ ಗೊತ್ತಲ್ಲ" ಅಂದ. ಆ ಕೊನೆಯ ವಾಕ್ಯ ಅವನು ಆಡಬಾರದಿತ್ತು.

ಹೆಂಡತಿಯ ತವರಿನಲ್ಲಿ ನನಗೊಂದು ಕೀರ್ತಿ ಇದೆ. ಮಾವನವರ ಟಿವಿಯಲ್ಲಿ ಮಾಯವಾಗಿದ್ದ ಚಾನೆಲ್ಲುಗಳನ್ನು ಮರಳಿ ತಂದವನು ನಾನು. ಅತ್ತೆಯವರ ವಾಟ್ಸಾಪ್ ಇಂಗ್ಲಿಷಿಗೆ ತಿರುಗಿಕೊಂಡಾಗ ಅದನ್ನು ಕನ್ನಡಕ್ಕೆ ತಿರುಗಿಸಿದವನೂ ನಾನೇ. ಎರಡೂ ಸಲ ಏನು ಒತ್ತಿದೆ ಎಂದು ನನಗೇ ಗೊತ್ತಾಗಲಿಲ್ಲ, ಅದು ಬೇರೆ ಮಾತು. ಈ ಕೀರ್ತಿಯ ಬಲದ ಮೇಲೆ, "ಆಯ್ತಪ್ಪ, ನನಗೆ ಬಿಡು" ಅಂದೆ. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ನನ್ನಾಕೆ ತಲೆ ಎತ್ತದೆ, "ಪರವಾಗಿಲ್ಲ ಬಿಡಿ, ಅವನಿಗೆ ಈಜು ಬರುತ್ತೆ" ಅಂದಳು.

ಯಾವುದೇ ದೊಡ್ಡ ಖರೀದಿಗೆ ಮೊದಲು ಅಮಾನಿಕೆರೆ ಏರಿಯ ಮೇಲೆ ವಿಚಾರ ಸಂಕಿರಣ ನಡೆಯಲೇಬೇಕು. ಬೆಳಗಿನ ವಾಕಿಂಗ್ ಗುಂಪಿನಲ್ಲಿ ವಿಷಯ ಇಟ್ಟೆ. ರ‍್ಯಾಮ್ 8 ಜಿಬಿ ಇರಲೇಬೇಕು ಎಂದರು ಒಬ್ಬರು. ಯಾಕೆ ಎಂದು ಕೇಳಿದರೆ ಅವರ ಮಗ ಬೆಂಗಳೂರಿನಲ್ಲಿದ್ದಾನೆ. ಕ್ಯಾಮೆರಾ ಚೆನ್ನಾಗಿರಲಿ, ಮೊಸಳೆ ಬಂದರೆ ಫೋಟೊ ತೆಗೆಯಬಹುದು ಎಂದರು ಇನ್ನೊಬ್ಬರು. ನೀರಾವರಿ ಇಲಾಖೆಯಿಂದ ನಿವೃತ್ತರಾದವರೊಬ್ಬರು ಮಾತ್ರ, "ಮೊದಲು ನೀರಿದೆಯೋ ಇಲ್ಲವೋ ತೋರಿಸುತ್ತಾ ಕೇಳಿ. ನನ್ನ ಸರ್ವೀಸಿನಲ್ಲಿ ಮ್ಯಾಪಿನಲ್ಲಿದ್ದ ಅರ್ಧ ಕೆರೆಗಳಲ್ಲಿ ರಾಗಿ ಬೆಳೆದಿದ್ದರು" ಎಂದರು. ಬೋಟಿನ ಮೇಲೆ ಕಾಲಿಟ್ಟವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಒಮ್ಮತಕ್ಕೆ ಬರುವುದು ಸುಲಭವಾಯಿತು: ಪರದೆ ದೊಡ್ಡದಿರಲಿ, ಬೆಲೆ ಸಣ್ಣದಿರಲಿ.

ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ 10 ಇಂಚಿನದು 11,000 ರೂಪಾಯಿಗೆ ಇತ್ತು. "ಇದರಲ್ಲಿ ಜಿಪಿಎಸ್ ಇದೆಯೇನಪ್ಪ?" ಎಂದು ಕೇಳಿದೆ, ಕೇಳಿದೆ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ. ಹುಡುಗ ಮಾತಾಡಲಿಲ್ಲ. ಮ್ಯಾಪ್ ತೆರೆದು ಮುಂದೆ ಹಿಡಿದ. ಎಂ.ಜಿ. ರಸ್ತೆ, ಅದೇ ಅಂಗಡಿ, ಅದರ ಮೇಲೊಂದು ನೀಲಿ ಚುಕ್ಕೆ. "ನೋಡಿ ಸಾರ್, ನೀವೇ." ನನ್ನನ್ನೇ ನನಗೆ ತೋರಿಸಿದ ಮೇಲೆ ಇನ್ನೇನು ಕೇಳುವುದು? ಕವರ್ ಉಚಿತ ಕೊಟ್ಟ. ದುಡ್ಡು ಕೊಟ್ಟು ಬಂದೆ.

ಹೊನ್ನಾವರಕ್ಕೆ ನೇರ ಕಳಿಸಿಬಿಟ್ಟಿದ್ದರೆ ಮರ್ಯಾದೆ ಹೊನ್ನಾವರದಲ್ಲಿ ಹೋಗುತ್ತಿತ್ತು, ತುಮಕೂರಿಗೆ ಸುದ್ದಿ ಬರಲು ಸಮಯ ಹಿಡಿಯುತ್ತಿತ್ತು. ಆದರೆ ನಾನು ಜವಾಬ್ದಾರಿಯುತ ಭಾವ. ನೀರಿನ ಮೇಲೆ ಪರೀಕ್ಷೆ ಮಾಡಿಯೇ ಕಳಿಸುತ್ತೇನೆ ಎಂದು ಘೋಷಿಸಿದ್ದೆ. ಪರೀಕ್ಷೆಗೆ ಕುಣಿಗಲ್ ದೊಡ್ಡಕೆರೆಯೇ ಯೋಗ್ಯ ಎಂದು ತೀರ್ಮಾನಿಸಿದೆ. ಜನಪದರು ಹಾಡಿ ಹೊಗಳಿದ ಕೆರೆ, ನಾಡಿಗೆಲ್ಲ ಗೊತ್ತಿರುವ ಕೆರೆ. ಅಲ್ಲಿ ಗೆದ್ದರೆ ಶರಾವತಿ ಯಾವ ಲೆಕ್ಕ?

ಅದಕ್ಕೂ ಮೊದಲು ಗುಬ್ಬಿಯಲ್ಲಿ ಅಕ್ಕನ ಮನೆಗೆ ಹೋದೆ, ತೋರಿಸಿಕೊಳ್ಳಲು. ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ ಗುಬ್ಬಿ ವೀರಣ್ಣನವರ ಊರು ಅದು. ಪ್ರದರ್ಶನ ಎಂದರೆ ಅಲ್ಲಿ ಒಂದು ಮಟ್ಟ ಇದೆ. ಅಕ್ಕನ ಮನೆಯ ವೈ-ಫೈ ಹಾಕಿಕೊಂಡು ಇಡೀ ಜಿಲ್ಲೆಯ ಮ್ಯಾಪನ್ನು ಇಳಿಸಿಟ್ಟುಕೊಂಡೆ, ಕೆರೆ ನಡುವೆ ನೆಟ್‌ವರ್ಕ್ ಹೋದರೂ ದಾರಿ ತಪ್ಪಬಾರದಲ್ಲ. ನೀಲಿ ಚುಕ್ಕೆ ಅಕ್ಕನ ಮನೆಯ ಹಿತ್ತಿಲಿನ ನುಗ್ಗೆಮರದ ಹತ್ತಿರವೇ ಕೂತಿತು. ಅಕ್ಕ ಒಲೆಯ ಮುಂದಿನಿಂದಲೇ, "ಹೆಲಿಕಾಪ್ಟರ್ ಮಾಡೋ ಊರಿಗೆ ಬಂದು ಮ್ಯಾಪ್ ತೋರಿಸ್ತೀಯಲ್ಲೋ" ಅಂದಳು. ಮಾತು ಸುಳ್ಳಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ ಅಕ್ಕನಿಗೆ ನೆಲದ ಮೇಲಿನ ಯಂತ್ರಗಳ ಬಗ್ಗೆ ಗೌರವ ಕಡಿಮೆಯಾಗಿದೆ. ಎಲೆಕ್ಟ್ರಾನಿಕ್ಸ್ ಓದಿದ ಅವಳ ಮಗ ಅವತ್ತು ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಬ್ಯಾಟರಿ ಉಳಿಯಲಿ ಎಂದು ಟ್ಯಾಬ್ ಆಫ್ ಮಾಡಿ, ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿದೆ.

ಕುಣಿಗಲ್ಲಿನಲ್ಲಿ ಮೀನು ಹಿಡಿಯುವ ಅಣ್ಣನೊಬ್ಬ, ಪರಿಚಯದವರ ಮಾತಿಗೆ ಕಟ್ಟುಬಿದ್ದು, ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಳ್ಳಲು ಒಪ್ಪಿದ. ನನ್ನ ವೇಷ ನೋಡಿ ಒಪ್ಪಿದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟನೋ ಏನೋ. ಮೈಮೇಲೆ ಸಾಲ ತಂದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ತಲೆಗೆ ಟೋಪಿ, ಕೊರಳಲ್ಲಿ ದಾರ ಕಟ್ಟಿ ನೇತುಹಾಕಿಕೊಂಡ ಟ್ಯಾಬ್.

"ಏನ್ ಸಾಮಿ, ಮೀನು ನೋಡಕಾ?"

"ಇಲ್ಲಣ್ಣ, ದಾರಿ ನೋಡೋಕೆ."

"ಯಾವ್ ದಾರಿ? ಇತ್ಲಾಗ್ ಏರಿ, ಅತ್ಲಾಗ್ ತೋಟ."

ಕೆರೆ ನಡುವೆ ಬಂದ ಮೇಲೆ ಟ್ಯಾಬ್ ಆನ್ ಮಾಡಿದೆ. ಮ್ಯಾಪ್ ತೆರೆಯಿತು. ನೀಲಿ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿ, ಅಲ್ಲಾಡದೆ ಒಂದೇ ಕಡೆ ನಿಂತಿತ್ತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಗುಬ್ಬಿ. ಇನ್ನೂ ಹಿಗ್ಗಿಸಿದೆ. ಅಕ್ಕನ ಮನೆ. ಇನ್ನೂ ಹಿಗ್ಗಿಸಿದ್ದರೆ ನುಗ್ಗೆಕಾಯಿ ಕಾಣುತ್ತಿತ್ತು.

"ಎಲ್ಲಿದ್ದೀವಿ ಅಂತೈತೆ ಸಾಮಿ?" ಹುಟ್ಟು ನಿಲ್ಲಿಸಿ ಕೇಳಿದ.

ಸುಳ್ಳು ಹೇಳಬಹುದಿತ್ತು. ಆದರೆ ಅವನು ಆಗಲೇ ಬಗ್ಗಿ ನೋಡುತ್ತಿದ್ದ. "ಗುಬ್ಬಿ" ಅಂದೆ.

"ಗುಬ್ಬೀಲಾ!" ಸುತ್ತ ಒಮ್ಮೆ ನೋಡಿದ. "ಬಿರ್‍ರನೆ ಬಂದ್ಬುಟ್ವಲ್ಲ. ಹಂಗಾರೆ ಬಾಡಿಗೆ ಜಾಸ್ತಿ ಆಯ್ತದೆ ಕಣ್ ಸಾಮಿ."

ಗುಬ್ಬಿಗೂ ಕುಣಿಗಲ್ಲಿಗೂ ನೇರ ಗೆರೆ ಎಳೆದರೂ 30 ಕಿಲೋಮೀಟರಿಗೆ ಕಡಿಮೆ ಇಲ್ಲ. ಟ್ಯಾಬನ್ನು ಮೇಲೆತ್ತಿ ಆಕಾಶಕ್ಕೆ ತೋರಿಸಿದೆ. ಅಲ್ಲಾಡಿಸಿದೆ. ಆಫ್ ಮಾಡಿ ಆನ್ ಮಾಡಿದೆ. ನನ್ನ ವಿದ್ಯೆಯಲ್ಲಿ ಇದಕ್ಕಿಂತ ಮುಂದಿನ ಪಾಠ ಇಲ್ಲ. ಇಷ್ಟರಲ್ಲಿ ಹರಿಗೋಲು ತನ್ನ ಸ್ವಭಾವದಂತೆ ಗಿರಗಿರ ತಿರುಗತೊಡಗಿ, ಏರಿ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಕುಣಿಗಲ್ ಊರೆಲ್ಲ ನನ್ನ ಸುತ್ತ ಪ್ರದಕ್ಷಿಣೆ ಹಾಕಿದರೂ ಗುಬ್ಬಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಗ ಅಣ್ಣ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ: "ನಿಮ್ ಜೇಬ್ನಲ್ಲಿರೋ ಫೋನು ತೋರ್ಸಕ್ಕಿಲ್ವಾ?" ತೆಗೆದು ನೋಡಿದೆ. ಹಾಳಾದ್ದು ಕರಾರುವಾಕ್ಕಾಗಿ ಕೆರೆಯ ನಡುವೆ ತೋರಿಸಿತು.

ದಡಕ್ಕೆ ಬಂದು ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಮೊದಲು ನಕ್ಕ. ಆಮೇಲೆ ವಿವರಿಸಿದ. ಅಗ್ಗದ ಟ್ಯಾಬ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಸಿಮ್ ಜಾಗವೂ ಇಲ್ಲ, ಜಿಪಿಎಸ್ ಚಿಪ್ಪೂ ಇಲ್ಲ. ಅವು ಸುತ್ತಮುತ್ತ ಸಿಗುವ ವೈ-ಫೈ ಹೆಸರುಗಳನ್ನು ಹಿಡಿದು ಇದು ಇಂಥ ಜಾಗ ಎಂದು ಊಹೆ ಮಾಡುತ್ತವೆ. ಎಂ.ಜಿ. ರಸ್ತೆಯಲ್ಲಿ ಅಂಗಡಿಗೊಂದು ವೈ-ಫೈ, ಊಹೆ ಸರಿಯಾಗಿಯೇ ಇರುತ್ತದೆ. ಕೆರೆಯೊಳಗಿನ ಕಾಟ್ಲಾ, ಜಿಲೇಬಿ ಮೀನುಗಳು ವೈ-ಫೈ ಹಾಕಿಸಿಕೊಂಡಿಲ್ಲ. ಹಾಗಾಗಿ ಟ್ಯಾಬು ಕೊನೆಯ ಸಲ ಗೊತ್ತಿದ್ದ ವಿಳಾಸವನ್ನೇ ಹಿಡಿದುಕೊಂಡು ಕೂರುತ್ತದೆ. "ಆಪಲ್ ಐಪ್ಯಾಡ್‌ನಲ್ಲೂ ಹಾಗೇ ಮಾವ, ವೈ-ಫೈ ಮಾತ್ರ ಇರೋದಕ್ಕೆ ಜಿಪಿಎಸ್ ಇರಲ್ಲ, ಸಿಮ್ ಹಾಕೋದಕ್ಕೆ ಇರುತ್ತೆ" ಎಂದು ಸಮಾಧಾನ ಮಾಡಿದ. ದುಬಾರಿ ಜನರೂ ಈ ಹಳ್ಳಕ್ಕೆ ಬೀಳುತ್ತಾರೆ ಎಂದು ತಿಳಿದು ನಿಜವಾಗಿಯೂ ಸಮಾಧಾನವಾಯಿತು.

ಇನ್ನೊಂದು ಭ್ರಮೆಯನ್ನೂ ಅವನೇ ಬಿಡಿಸಿದ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ರೀಚಾರ್ಜೂ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಉಪಗ್ರಹಗಳು ಗಂಟೆ ಎಷ್ಟಾಯಿತು ಎಂದು ಬಿಡುವಿಲ್ಲದೆ ಕೂಗುತ್ತಿರುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಎಷ್ಟೆಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ಚಿಪ್ಪು ತಾನಿರುವ ಜಾಗ ಕಂಡುಹಿಡಿಯುತ್ತದೆ. ಇಂಟರ್ನೆಟ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿ ಬೇಗ ಸಿಗುತ್ತದೆ; ಇಲ್ಲದಿದ್ದರೆ ಆ ಪಟ್ಟಿಯನ್ನೂ ಉಪಗ್ರಹಗಳಿಂದಲೇ ಕೇಳಿಸಿಕೊಳ್ಳಬೇಕು. ಪೂರ್ತಿ ಪಟ್ಟಿ ಕೇಳಲು ಹನ್ನೆರಡೂವರೆ ನಿಮಿಷ.

ಅಂದರೆ ಇಡೀ ವ್ಯವಹಾರ ಗಡಿಯಾರದ್ದು! ಇದು ಗೊತ್ತಾದಾಗ ತುಮಕೂರಿನವನಾಗಿ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಎಚ್‌ಎಂಟಿ ಕೈಗಡಿಯಾರ ಕಟ್ಟಿ ದೇಶಕ್ಕೆ ಹೊತ್ತು ಹೇಳಿದ ಊರು ನಮ್ಮದು. ಆ ಕಾರ್ಖಾನೆ ಮುಚ್ಚಿ, ಜಾಗ ಇಸ್ರೋ ಪಾಲಾಗಿದೆ. ಉಪಗ್ರಹದ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ಭೂಮಿಯ ಮೇಲೆ 300 ಮೀಟರ್ ವ್ಯತ್ಯಾಸವಾಗುತ್ತದಂತೆ. ನನ್ನ ಹಳೇ ಎಚ್‌ಎಂಟಿಯನ್ನು ದಿನಾ ಬೆಳಿಗ್ಗೆ ಕೀ ಕೊಟ್ಟು ರೇಡಿಯೊ ಕೇಳಿಕೊಂಡು ಸರಿ ಮಾಡುತ್ತಿದ್ದೆ. ಒಂದೇ ಒಂದು ಸೆಕೆಂಡು ತಪ್ಪಿದರೂ ಲೆಕ್ಕ 3 ಲಕ್ಷ ಕಿಲೋಮೀಟರ್. ಚಂದ್ರನ ದಾರಿಯಲ್ಲಿ ಮುಕ್ಕಾಲು ಪಾಲು ಹೋದ ಹಾಗೆ. ಆದರೆ ಗಡಿಯಾರ ಯಾರನ್ನೂ ಬಿಟ್ಟಿಲ್ಲ. ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್ ವ್ಯವಸ್ಥೆಗೆ 2013ರ ಜುಲೈನಲ್ಲಿ ಹಾರಿದ ಮೊದಲ ಉಪಗ್ರಹದಲ್ಲಿ, ಹೊರದೇಶದಿಂದ ತಂದ ಪರಮಾಣು ಗಡಿಯಾರಗಳೇ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಸ್ವದೇಶಿ ಗಡಿಯಾರ ಇಟ್ಟರು. ಈ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದ ಕೇಂದ್ರ. ಕುಣಿಗಲ್ಲಿನಲ್ಲಿ ನಾನು ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗೆ ಹಾಸನದ ಬಸ್ಸು ನಿಂತಿತ್ತು. ಹತ್ತಿ ಹೋಗಿ ನೇರವಾಗಿ ಅವರನ್ನೇ ಕೇಳಿಬಿಡೋಣ ಅನ್ನಿಸಿತು.

ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳಲಿಲ್ಲ. "ಸೀಲ್ ಒಡೆದ ಮೇಲೆ ಆಗಲ್ಲ ಸಾರ್. ಅಂಗಡಿಯಲ್ಲಿ ಸರಿಯಾಗೇ ತೋರಿಸ್ತಲ್ಲ?" ನಿಜ. ಬೋಟನ್ನು ಎಂ.ಜಿ. ರಸ್ತೆಗೆ ತರುವುದಾದರೆ ಅದು ಈಗಲೂ ಸರಿಯಾಗಿಯೇ ತೋರಿಸುತ್ತದೆ.

ಎರಡನೆಯದು 8 ಇಂಚಿನದು, ಸಿಮ್ ಹಾಕುವಂಥದ್ದು, 14,500 ರೂಪಾಯಿ. ಈ ಸಲ ಅಕ್ಕನ ಮಗನೇ ಡಬ್ಬದ ಮೇಲಿನ ಸಣ್ಣಕ್ಷರ ಓದಿ, ಜಿಪಿಎಸ್, ಗ್ಲೊನಾಸ್ ಎಂದೆಲ್ಲ ಬರೆದಿದೆಯೇ ನೋಡಿ, ದಿಕ್ಸೂಚಿ ಇದೆಯೇ ನೋಡಿ ಕೊಡಿಸಿದ. ದಿಕ್ಸೂಚಿ ಇಲ್ಲದಿದ್ದರೆ ನಿಂತ ಬೋಟಿನ ಮೂತಿ ಯಾವ ಕಡೆಗಿದೆ ಎಂದು ಟ್ಯಾಬಿಗೆ ತಿಳಿಯುವುದಿಲ್ಲ. ಚಲಿಸಿದರೆ ಮಾತ್ರ ಗೊತ್ತಾಗುತ್ತದೆ.

ಮತ್ತೆ ಕುಣಿಗಲ್, ಮತ್ತೆ ಅದೇ ಅಣ್ಣ. "ಇವತ್ ಎಲ್ಲಿಗ್ ಸಾಮಿ, ತಿಪಟೂರ್‍ಗಾ?" ಎಂದ. ನಾನು ಮಾತಾಡಲಿಲ್ಲ. ಬಿಸಿಲಿಗೆಂದು ಹೊಸ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದೆ, ಪೋಲರಾಯ್ಡ್. ನೀರಿಗಿಳಿದು ಟ್ಯಾಬ್ ಅಡ್ಡ ಹಿಡಿದರೆ ಪರದೆ ಕಪ್ಪು. ಆನ್ ಮಾಡಿದೆ, ಕಪ್ಪು. ಗುಂಡಿಯನ್ನು ಬೆರಳು ನೋಯುವಷ್ಟು ಅದುಮಿದೆ, ಕಪ್ಪು. 14,500 ನೀರಿಗೆ ಹೋಯಿತು ಎಂದು ಎದೆ ಧಸಕ್ಕೆಂದಿತು. ಅಣ್ಣ ತನ್ನ ಕಡೆ ತಿರುಗಿಸಿಕೊಂಡು, "ಉರೀತಾನೇ ಐತಲ್ಲ" ಅಂದ. ಕನ್ನಡಕ ತೆಗೆದರೆ ಉರಿಯುತ್ತಿದೆ, ಹಾಕಿದರೆ ಆರುತ್ತದೆ. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿಗೆ ಕಂಪಿಸುವಂಥದ್ದು, ಆ ಬಗೆಯ ಕನ್ನಡಕ ಒಂದು ಕೋನದಲ್ಲಿ ಅದನ್ನು ಪೂರ್ತಿ ತಡೆದುಬಿಡುತ್ತದೆ ಎಂಬುದು ಹೈಸ್ಕೂಲು ಭೌತಶಾಸ್ತ್ರ. ಆ ಪಾಠದ ದಿನ ನಾನು ಗೈರುಹಾಜರಿ.

ಕನ್ನಡಕ ತೆಗೆದ ಮೇಲೂ ಮ್ಯಾಪ್ ಕಾಣಲಿಲ್ಲ. ನನ್ನ ಮುಖ ಕಂಡಿತು. ಅಗ್ಗದ ಟ್ಯಾಬ್‌ಗಳ ಪರದೆಯ ಹೊಳಪು 300–400 ನಿಟ್ ಇರುತ್ತದೆ. ಬೋಟಿಗೆಂದೇ ಮಾಡಿದ ಪರದೆಗಳದ್ದು 1,000ಕ್ಕೂ ಮೇಲೆ. ಟೋಪಿ ತೆಗೆದು ನೆರಳು ಮಾಡಿದೆ. ಆಗ ಚುಕ್ಕೆ ಕಂಡಿತು, ಕೆರೆ ನಡುವೆ, ನೀಲಿಯಾಗಿ, ಅಲುಗಾಡುತ್ತಾ! ಕೂಗಿಕೊಂಡೆ. ಅಣ್ಣನೂ ಖುಷಿಪಟ್ಟು ಹುಟ್ಟು ಜೋರಾಗಿ ಹಾಕಿದ. ನಾಲ್ಕು ಹನಿ ಪರದೆಯ ಮೇಲೆ ಬಿತ್ತು. ಹನಿ ಬಿದ್ದರೂ ಬೆರಳು ಮುಟ್ಟಿತೆಂದೇ ಟ್ಯಾಬಿನ ಎಣಿಕೆ. ಮ್ಯಾಪ್ ತನ್ನಷ್ಟಕ್ಕೆ ಹಿಗ್ಗಿತು, ಕುಗ್ಗಿತು, ಕುಣಿಗಲ್ ಬಿಟ್ಟು ಅರಬ್ಬಿ ಸಮುದ್ರಕ್ಕೆ ಹೋಯಿತು. ಒರೆಸಿದೆ, ಒರೆಸಿದ್ದನ್ನೂ ಆಜ್ಞೆ ಎಂದು ತಿಳಿದು ಅಮಾನಿಕೆರೆ ಗುಂಪಿನ ಅಧ್ಯಕ್ಷರಿಗೆ ವಿಡಿಯೊ ಕಾಲ್ ಹಚ್ಚಿತು. ಅವರು ನನ್ನನ್ನು ಲೈಫ್ ಜಾಕೆಟ್ಟಿನಲ್ಲಿ ನೋಡಿದರು. ಪ್ಲಾಸ್ಟಿಕ್ ಚೀಲದೊಳಗೆ ಹಾಕಿದೆ. ಒಳಗೆ ಕಾದು, ತಣ್ಣಗಾಗುವ ತನಕ ಕೆಲಸ ಮಾಡುವುದಿಲ್ಲ ಎಂದು ಬರೆದು ಮಲಗಿತು. 35 ಡಿಗ್ರಿ ದಾಟಿದ ಸೆಖೆಯಲ್ಲಿ ಬಳಸಬೇಡಿ ಎಂದು ಹಲವು ಟ್ಯಾಬ್‌ಗಳ ಕೈಪಿಡಿಯಲ್ಲೇ ಇರುತ್ತದೆ. ಕೈಪಿಡಿ ಓದುವವರು ಬೇರೆ ಜಾತಿಯ ಜನ.

ಇದೇ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ, ನೀರು ಮಟ್ಟ ಮೀರಿದೊಡನೆ ತಾನೇ ಹೊರಗೆ ಹರಿದುಹೋಗುವ ಸೈಫನ್ ಇದೆ. ಮೈಸೂರು ಅರಸರ ಕಾಲದ್ದು. ಕರೆಂಟಿಲ್ಲ, ಗೇಟು ಎತ್ತುವವರಿಲ್ಲ, ಅಪ್‌ಡೇಟ್ ಕೇಳುವುದಿಲ್ಲ. ಅದು ದಾರಿ ತೋರಿಸುವುದಿಲ್ಲವಾದ್ದರಿಂದ ಭಾಮೈದನಿಗೆ ಕಳಿಸಲಾಗಲಿಲ್ಲ.

ಟ್ಯಾಬ್, ನೀರು ಹೋಗದ ಪೆಟ್ಟಿಗೆ, ಬೋಟಿನ 12 ವೋಲ್ಟ್ ಬ್ಯಾಟರಿಯಿಂದ ಚಾರ್ಜ್ ಮಾಡುವ ಕೊಂಡಿ, ಬಿಗಿಯಾಗಿ ಹಿಡಿಯುವ ಸ್ಟ್ಯಾಂಡು, ಪರದೆಯ ಪ್ರತಿಫಲನ ತಗ್ಗಿಸುವ ಹಾಳೆ, ಎಲ್ಲವನ್ನೂ ಬಿ.ಎಚ್. ರಸ್ತೆಯಲ್ಲೇ ಬಸ್ಸಿಗೆ ಹಾಕಿ ಹೊನ್ನಾವರಕ್ಕೆ ಕಳಿಸಿದೆ. ಮೊದಲಿನ ಟ್ಯಾಬಿನ ಬೆಲೆಯನ್ನೂ ಸೇರಿಸಿದರೆ 15,000ದ ಗುರಿ ಎರಡು ಪಟ್ಟು ನೆರವೇರಿತ್ತು. ಭಾಮೈದ ಫೋನಿನಲ್ಲಿ ಇನ್ನೊಂದು ಸುದ್ದಿ ಹೇಳಿದ. ಮಾಮೂಲಿ ಮ್ಯಾಪಿನಲ್ಲಿ ನೀರೆಲ್ಲ ಒಂದೇ ನೀಲಿ, ಮೊಣಕಾಲುದ್ದವೋ ಆಳುದ್ದವೋ ತಿಳಿಯುವುದಿಲ್ಲ. ಆಳ ನಮೂದಿಸಿದ ಕಡಲ ನಕ್ಷೆಗಳನ್ನು ಹೊರಡಿಸುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ಅಂಥ ನಕ್ಷೆ ತೋರಿಸುವ ಓಪನ್‌ಸಿಪಿಎನ್‌ನಂಥ ತಂತ್ರಾಂಶವೂ ಇದೆ. ಆದರೂ ಶರಾವತಿಯ ಅಳಿವೆಯಲ್ಲಿ ಮಳೆಗಾಲ ಕಳೆದ ಮೇಲೆ ಮರಳಿನ ದಿಬ್ಬ ಹೋದ ವರ್ಷ ಇದ್ದ ಕಡೆ ಇರುವುದಿಲ್ಲ, ಯಾವ ನಕ್ಷೆಯೂ ಅದನ್ನು ಹಿಂಬಾಲಿಸಲಾರದು. ಹಾಗಾಗಿ ಅವನು ಮಾಡುತ್ತಿರುವುದಿಷ್ಟೆ: ಬೋಟು ತಳ ತಾಗದೆ ಹೋಗಿ ಬಂದ ದಾರಿಯನ್ನು ಟ್ಯಾಬಿನಲ್ಲಿ ಗೆರೆಯಾಗಿ ಉಳಿಸಿಕೊಂಡು, ಮಾರನೆಯ ದಿನ ಅದೇ ಗೆರೆಯ ಮೇಲೆ ಹೋಗುವುದು. "ಇದಕ್ಕಂತೂ ತುಂಬಾ ಚೆನ್ನಾಗಿದೆ ಭಾವ. ನಿಮಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ?" ಎಂದ. ಅನುಭವ ಎಂದೆ. ನನ್ನಾಕೆ ಕೆಮ್ಮಿದಳು.

ಬೋಟಿಗೆ ಟ್ಯಾಬ್ ಕೊಳ್ಳುವ ಯೋಚನೆ ಇರುವವರಿಗೆ ನನ್ನ ತೀರ್ಪು ಇಷ್ಟು. ಅಂಗಡಿಯೊಳಗೆ ಪರೀಕ್ಷೆ ಮಾಡಬೇಡಿ. ವೈ-ಫೈ ಆಫ್ ಮಾಡಿ, ನಟ್ಟನಡು ಮಧ್ಯಾಹ್ನ ಬೀದಿಗೆ ತಂದು, ಬಿಸಿಲಿನಲ್ಲಿ ಕಾಣುತ್ತದೆಯೇ, ಚುಕ್ಕೆ ನಿಮ್ಮ ಜೊತೆ ನಡೆಯುತ್ತದೆಯೇ ನೋಡಿ. ರ‍್ಯಾಮು, ಕ್ಯಾಮೆರಾ ಎಷ್ಟಿದ್ದರೂ ನಡೆಯುತ್ತದೆ. ನಿಮ್ಮ ಹಳೇ ಫೋನನ್ನು ಮಾತ್ರ ಮಾರಬೇಡಿ, ಬೋಟಿನಲ್ಲಿ ಅದೇ ಎರಡನೇ ದಾರಿ.

ಮೊದಲಿನ 10 ಇಂಚಿನ ಟ್ಯಾಬ್ ಮಾರಾಟಕ್ಕಿದೆ. ಹೊಸದರಂತಿದೆ, ಕವರ್ ಉಚಿತ. ಗುಬ್ಬಿಯವರಿಗೆ ಆದ್ಯತೆ, ಅಲ್ಲಿ ಅದು ತೋರಿಸುವ ವಿಳಾಸ ಹೆಚ್ಚುಕಮ್ಮಿ ಸರಿಯಿರುತ್ತದೆ.